ಮೂಳೆಗೆಂದು ನುಂಗಿದ ಕ್ಯಾಲ್ಸಿಯಂ ರಕ್ತನಾಳ ಸೇರಿದರೆ?

ಮಾನ್ಯ ಸಂಪಾದಕರೇ,

'ನಲವತ್ತು ದಾಟಿದವರು ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ ನುಂಗಿ, ಬೆಳಿಗ್ಗೆ ರಾಗಿ ಮಾಲ್ಟ್ ಕುಡಿಯಿರಿ, ವಾರಕ್ಕೊಮ್ಮೆ ಕಾಲು ಸೂಪು ಮಾಡಿ' ಎಂಬ ಸಲಹೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಆಗಾಗ ಬರುತ್ತಿರುತ್ತದೆ. ಕಿಡ್ನಿ ಸರಿಯಿರುವವರಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯೇನಿಲ್ಲ. ಆದರೆ ಅದೇ ಪುಟವನ್ನು ಡಯಾಲಿಸಿಸ್ ಹಾಸಿಗೆಯಲ್ಲಿ ನಾಲ್ಕು ಗಂಟೆ ಮಲಗಿದವರೂ ಓದುತ್ತಾರೆ, ಹೊರಗೆ ಬೆಂಚಿನ ಮೇಲೆ ಕಾದು ಕೂತ ಅವರ ಮನೆಯವರೂ ಓದುತ್ತಾರೆ. ಆ ಸಲಹೆಯ ಮೂರು ಭಾಗಗಳಲ್ಲಿ ಒಂದೂ ಅವರಿಗೆ ಹೊಂದುವುದಿಲ್ಲ. ಡಯಾಲಿಸಿಸ್‌ನಲ್ಲಿರುವವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹೃದಯದ ತೊಂದರೆ. ಅದರ ಹಿಂದಿರುವ ದೊಡ್ಡ ಕಾರಣಗಳಲ್ಲೊಂದು ರಕ್ತನಾಳದ ಗೋಡೆಯಲ್ಲೂ ಹೃದಯದ ಕವಾಟಗಳಲ್ಲೂ ಕ್ಯಾಲ್ಸಿಯಂ ಕೂರುವುದು. ಅದಕ್ಕೇ ಈ ಪತ್ರ ತುಸು ಉದ್ದವಾಗಿದೆ.

ಆಗುವುದು ಹೀಗೆ. ಊಟದಲ್ಲಿ ಬಂದ ಫಾಸ್ಫರಸ್‌ನಲ್ಲಿ ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುವ ಕೆಲಸ ಕಿಡ್ನಿಯದು. ಕಿಡ್ನಿ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ. ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವುದೂ ಕಿಡ್ನಿಯೇ. ಅದು ನಿಂತರೆ ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆ. ಆಗ ಕತ್ತಿನಲ್ಲಿ ಥೈರಾಯ್ಡ್ ಹಿಂದೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪಿಟಿಎಚ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚು ಸುರಿಸಿ, ಮೂಳೆಯಿಂದ ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಎರಡನ್ನೂ ಕಿತ್ತು ರಕ್ತಕ್ಕೆ ತರುತ್ತವೆ. ಮೂಳೆ ಸವೆಯುತ್ತದೆ, ರಕ್ತನಾಳ ಗಟ್ಟಿಯಾಗುತ್ತದೆ.

ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಸುಣ್ಣ ಕಟ್ಟುವ ಹಾಗೆ ಎಂದು ಇದನ್ನು ವಿವರಿಸುವುದುಂಟು. ಆ ಹೋಲಿಕೆ ಅರ್ಧ ಮಾತ್ರ ಸರಿ. ಹಂಡೆಗೆ ಜೀವವಿಲ್ಲ. ರಕ್ತನಾಳದ ಗೋಡೆಯಲ್ಲಿ ಕುಗ್ಗಿ ಹಿಗ್ಗುವ ಸ್ನಾಯುಕೋಶಗಳಿವೆ. ಫಾಸ್ಫರಸ್ ಏರಿದ ರಕ್ತದಲ್ಲಿ ವರ್ಷಗಟ್ಟಲೆ ನೆನೆದರೆ ಅವು ತಮ್ಮ ಗುಣ ಬಿಟ್ಟು ಮೂಳೆಕೋಶಗಳ ಹಾಗೆ ವರ್ತಿಸತೊಡಗುತ್ತವೆ. ಅಂದರೆ ಅಲ್ಲಿ ಬರೀ ಸುಣ್ಣ ಕಟ್ಟುತ್ತಿಲ್ಲ, ಮೂಳೆಯಂಥದ್ದೇ ಬೆಳೆಯುತ್ತಿದೆ. ಇದನ್ನು ತಡೆಯುವ ಪ್ರೋಟೀನುಗಳೂ ನಮ್ಮಲ್ಲಿವೆ. ಅವುಗಳಲ್ಲಿ ಒಂದು ಕೆಲಸ ಮಾಡಲು ವಿಟಮಿನ್ ಕೆ ಬೇಕು. ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ವಾರ್ಫರಿನ್ ಮಾತ್ರೆ ಇದೇ ಕಾರಣಕ್ಕೆ ಡಯಾಲಿಸಿಸ್‌ನವರಲ್ಲಿ ಎರಡಲುಗಿನ ಕತ್ತಿ: ಅದು ವಿಟಮಿನ್ ಕೆ ಕೆಲಸವನ್ನೇ ತಡೆಯುತ್ತದೆ. ಹಾಗೆಂದು ಯಾರೂ ಅದನ್ನು ತಾವಾಗಿ ನಿಲ್ಲಿಸಬಾರದು. ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಬೇಕು.

ಕೊಲೆಸ್ಟ್ರಾಲ್‌ನಿಂದ ನಾಳದ ಒಳಪದರದಲ್ಲಿ ಕೊಬ್ಬು ಕಟ್ಟುವುದು ಬೇರೆ. ಡಯಾಲಿಸಿಸ್‌ನವರಲ್ಲಿ ಅದರ ಜೊತೆಗೆ ನಡುಪದರವೂ ಗಟ್ಟಿಯಾಗುತ್ತದೆ. ನಾಳ ಕಿರಿದಾಗದಿದ್ದರೂ ಕೊಳವೆಯ ಹಾಗೆ ಬಿರುಸಾಗುತ್ತದೆ. ಡಯಾಲಿಸಿಸ್ ಶುರುವಾದ ಮೇಲೆ ಹೊಸದಾಗಿ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳಲ್ಲಿ, 2005ರ 4ಡಿ ಮತ್ತು 2009ರ ಅರೋರಾದಲ್ಲಿ, ಹೃದಯಾಘಾತ ಮತ್ತು ಸಾವು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಕೊಲೆಸ್ಟ್ರಾಲ್ ರಿಪೋರ್ಟ್ ಚೆನ್ನಾಗಿದೆ ಎಂದು ಇವರು ನೆಮ್ಮದಿಯಾಗಿರುವಂತಿಲ್ಲ ಎನ್ನುವುದು ಅದಕ್ಕೇ.

ಇದು ವಯಸ್ಸಾದವರ ಕಾಯಿಲೆಯೂ ಅಲ್ಲ. 2000ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಡಯಾಲಿಸಿಸ್‌ನಲ್ಲಿದ್ದ 20ರಿಂದ 30 ವರ್ಷದ 16 ಜನರ ಹೃದಯವನ್ನು ಸ್ಕ್ಯಾನ್ ಮಾಡಿದಾಗ 14 ಮಂದಿಯ ಹೃದಯದ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಂಡಿತು. ಹೀಗೆ ಕ್ಯಾಲ್ಸಿಯಂ ಕೂತವರು, ಕೂರದವರಿಗಿಂತ ದಿನಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಕ್ಯಾಲ್ಸಿಯಂ ಅನ್ನು ಮಾತ್ರೆಯ ರೂಪದಲ್ಲಿ ನುಂಗುತ್ತಿದ್ದರು. ನಮ್ಮ ಮಾತೆಲ್ಲ ಈ ಒಂದು ಸಾಲಿನ ಸುತ್ತಲೇ ಇದೆ.

ಮನೆಯಲ್ಲೇ ಮಾಡಬಹುದಾದ ಲೆಕ್ಕವೊಂದಿದೆ. ದಿನಕ್ಕೆ 900 ಮಿಲಿಗ್ರಾಂ ಫಾಸ್ಫರಸ್ ಇರುವ ಊಟ ಎಂದುಕೊಳ್ಳಿ. ಅದರಲ್ಲಿ ನೂರಕ್ಕೆ ಅರವತ್ತು ಪಾಲು ರಕ್ತ ಸೇರಿದರೆ ವಾರಕ್ಕೆ 3,780 ಮಿ.ಗ್ರಾಂ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ಹೊರಗೆಳೆಯುವುದು ಸುಮಾರು 800 ಮಿ.ಗ್ರಾಂ. ವಾರಕ್ಕೆ ಮೂರು ಸಲ ಮಾಡಿಸಿದರೆ 2,400. ಎರಡು ಸಲವಾದರೆ 1,600. ನಮ್ಮ ಕಡೆ ಅನೇಕರು ಎರಡೇ ಸಲ ಬರುತ್ತಾರೆ. ಅರಕಲಗೂಡಿನಿಂದಲೋ ಸಕಲೇಶಪುರದ ಆಚೆಯ ತೋಟದ ಲೈನಿನಿಂದಲೋ ಹಾಸನಕ್ಕೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದೂ ಹೋಯಿತು. 2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಡಯಾಲಿಸಿಸ್ ಉಚಿತವಾಗಿದೆ ನಿಜ, ಬಸ್ಸಿನ ದಾರಿ ಕಡಿಮೆಯಾಗಿಲ್ಲ. ಹಾಗಾಗಿ ಎರಡು ಸಲದವರ ಮೈಯಲ್ಲಿ ವಾರಕ್ಕೆ 2,180 ಮಿ.ಗ್ರಾಂ ಉಳಿಯುತ್ತದೆ. ಮೂತ್ರ ಇನ್ನೂ ಬರುತ್ತಿದ್ದರೆ ಸ್ವಲ್ಪ ಕಡಿಮೆ.

ನಾಲ್ಕು ಗಂಟೆ ಪೂರ್ತಿ ಮಲಗದೆ ಮೂರು ಗಂಟೆಯಾಗುತ್ತಲೇ 'ಬಸ್ ಹೊರಡುತ್ತೆ, ಬಿಟ್ಟುಬಿಡಿ' ಎಂದು ಎದ್ದು ಹೋಗುವವರಿಗೂ ಒಂದು ಮಾತು. ಮೊದಲ ಒಂದೆರಡು ಗಂಟೆಯಲ್ಲಿ ರಕ್ತದ ಫಾಸ್ಫರಸ್ ಬೇಗ ಇಳಿಯುತ್ತದೆ. ಕೋಶಗಳಲ್ಲಿ, ಮೂಳೆಯಲ್ಲಿ ಕೂತದ್ದು ನಿಧಾನವಾಗಿ ಒಸರಿ ಬರಬೇಕು. ಅದಕ್ಕೆ ಬೇಕಾದದ್ದು ಹೊತ್ತು. ಪಂಪಿನ ವೇಗ ಏರಿಸಿ ಆ ಕೊನೆಯ ಗಂಟೆಯನ್ನು ತುಂಬಿಕೊಡಲು ಬರುವುದಿಲ್ಲ.

ಉಳಿದದ್ದನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಕಳಿಸಲು ಬೈಂಡರ್ ಮಾತ್ರೆಗಳಿವೆ. ಇಲ್ಲೇ ಗೊಂದಲ ಶುರು. ಕ್ಯಾಲ್ಸಿಯಂ ಕಾರ್ಬೊನೇಟ್, ಕ್ಯಾಲ್ಸಿಯಂ ಅಸಿಟೇಟ್ ಎರಡೂ ಬೈಂಡರ್‌ಗಳು. ಊಟದ ಜೊತೆ ನುಂಗಿದರೆ ಊಟದ ಫಾಸ್ಫರಸ್ ಹಿಡಿಯುತ್ತವೆ. ಅದೇ ಮಾತ್ರೆಯನ್ನು 'ಮೂಳೆಗೆ ಬಲ' ಎಂದು ರಾತ್ರಿ ಮಲಗುವಾಗ ಬರೀ ಹೊಟ್ಟೆಯಲ್ಲಿ ನುಂಗಿದರೆ ಹಿಡಿಯಲು ಅಲ್ಲಿ ಫಾಸ್ಫರಸ್ಸೇ ಇರುವುದಿಲ್ಲ. ಕ್ಯಾಲ್ಸಿಯಂ ಮಾತ್ರ ಮೈಗೆ ಸೇರುತ್ತದೆ. ಬೆಳಗಿನ ಕಾಫಿಗೆ ಒಂದು ಬಿಸ್ಕತ್ತಿನ ಜೊತೆ ನುಂಗಿ, ಮಧ್ಯಾಹ್ನದ ದೊಡ್ಡ ಊಟಕ್ಕೆ ಮರೆಯುವುದು ಇನ್ನೊಂದು ತಪ್ಪು. ದೊಡ್ಡ ಊಟಕ್ಕೆ ಹೆಚ್ಚು ಮಾತ್ರೆ, ಸಣ್ಣದಕ್ಕೆ ಕಡಿಮೆ. ಮೊದಲ ತುತ್ತಿನೊಂದಿಗೆ ಅಥವಾ ಊಟದ ನಡುವೆ. ಊಟವಾಗಿ ಎರಡು ಗಂಟೆಯ ಮೇಲೆ ನೆನಪಾದರೆ ಆ ಹೊತ್ತಿನದನ್ನು ಬಿಟ್ಟುಬಿಡುವುದೇ ಮೇಲು. ಗ್ಯಾಸಿಗೆಂದು ದಿನವೂ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಸರಿಯಾಗಿ ಕರಗುವುದಿಲ್ಲ, ಅದಕ್ಕೆ ಹೊಟ್ಟೆಯ ಹುಳಿ ಬೇಕು. ಥೈರಾಯ್ಡ್ ಮಾತ್ರೆಗೂ ಇವಕ್ಕೂ ನಾಲ್ಕು ಗಂಟೆ ಅಂತರವಿರಲಿ.

ಮಾತ್ರೆಯ ಪಟ್ಟಿಯ ಹಿಂಬದಿ ಓದುವುದನ್ನು ರೂಢಿಸಿಕೊಳ್ಳಬೇಕು. '500' ಎಂದು ಬರೆದ ಸಾಮಾನ್ಯ ಕ್ಯಾಲ್ಸಿಯಂ ಮಾತ್ರೆಯಲ್ಲಿ ಇರುವುದು 1,250 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿ.ಗ್ರಾಂ. ಕ್ಯಾಲ್ಸಿಯಂ ಅಸಿಟೇಟ್ 667ರಲ್ಲಿ ನಿಜವಾದ ಕ್ಯಾಲ್ಸಿಯಂ 169 ಮಾತ್ರ, ಅದು ಹಿಡಿಯುವ ಫಾಸ್ಫರಸ್ ಸುಮಾರು 30 ಮಿ.ಗ್ರಾಂ. ದಿನಕ್ಕೆ ಆರು ಅಸಿಟೇಟ್ ನುಂಗುವವರಿಗೆ ವಾರಕ್ಕೆ 1,260 ಮಿ.ಗ್ರಾಂ ಫಾಸ್ಫರಸ್ ಕಡಿಮೆಯಾಯಿತು, ದಿನಕ್ಕೆ 1,014 ಮಿ.ಗ್ರಾಂ ಕ್ಯಾಲ್ಸಿಯಂ ಹೊಟ್ಟೆಗೆ ಬಂತು. ಇದರ ಮೇಲೆ ಇನ್ನೊಬ್ಬ ವೈದ್ಯರು ಮಂಡಿನೋವಿಗೆಂದು ದಿನಕ್ಕೆರಡು '500' ಬರೆದರೆ ಎರಡು ಸಾವಿರ ದಾಟಿತು. ಹಳೆಯ ಮಾರ್ಗಸೂಚಿಯೇ ಬೈಂಡರ್‌ನಿಂದ ಬರುವ ಕ್ಯಾಲ್ಸಿಯಂಗೆ ದಿನಕ್ಕೆ 1,500 ಮಿ.ಗ್ರಾಂ ಮಿತಿ ಹಾಕಿತ್ತು. ಕಿಡ್ನಿ ಕಾಯಿಲೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಬರೆಯುವ ಕೆಡಿಗೋ ಸಂಸ್ಥೆಯ 2017ರ ಮಾರ್ಗಸೂಚಿ ಕ್ಯಾಲ್ಸಿಯಂ ಬೈಂಡರ್‌ಗಳನ್ನೇ ಮಿತವಾಗಿ ಬಳಸಿ ಎನ್ನುತ್ತದೆ.

ಕ್ಯಾಲ್ಸಿಯಂ ಇಲ್ಲದ ಬೈಂಡರ್‌ಗಳೂ ಇವೆ. ಸೆವೆಲಮರ್ 800ನ್ನು ಇಡಿಯಾಗಿ ನುಂಗಬೇಕು, ಪುಡಿ ಮಾಡಿದರೆ ನೀರು ಹೀರಿ ಊದಿ ಗಂಟಲಿಗೆ ಅಂಟುತ್ತದೆ. ಲ್ಯಾಂಥನಮ್ ಮಾತ್ರೆಯನ್ನು ಚೆನ್ನಾಗಿ ಜಗಿದೇ ನುಂಗಬೇಕು. ಎರಡನ್ನೂ ಅದಲುಬದಲು ಮಾಡುವವರು ಬಹಳ. ಸೆವೆಲಮರ್‌ನಿಂದ ಮಲಬದ್ಧತೆ ಬಂದಾಗ ಅಂಗಡಿಯಿಂದ ಫಾಸ್ಫೇಟ್ ಇರುವ ಎನಿಮಾ ತಂದು ಹಾಕಿಸಿಕೊಂಡರೆ ಹಿಡಿದದ್ದೆಲ್ಲ ಒಂದೇ ಸಲಕ್ಕೆ ವಾಪಸು. ಇವುಗಳ ಬೆಲೆ ಹೆಚ್ಚು ಎನ್ನುವುದು ಸುಳ್ಳಲ್ಲ. ಉಚಿತ ಡಯಾಲಿಸಿಸ್ ಕೊಡುವ ವ್ಯವಸ್ಥೆ ಈ ಮಾತ್ರೆಯನ್ನೂ ಅದರ ಭಾಗವೆಂದೇ ನೋಡಬೇಕು ಎಂಬುದು ನಮ್ಮ ಒತ್ತಾಯ.

ಇನ್ನು ರಿಪೋರ್ಟ್ ಓದುವುದು. ಕ್ಯಾಲ್ಸಿಯಂ 9.4 ಎಂದು ಬಂದರೆ 'ನಾರ್ಮಲ್' ಎಂದು ಮಡಿಸಿ ಇಡುತ್ತಾರೆ. ಪಕ್ಕದಲ್ಲಿ ಆಲ್ಬುಮಿನ್ (ಕ್ಯಾಲ್ಸಿಯಂ ಅಂಟಿಕೊಳ್ಳುವ ರಕ್ತದ ಪ್ರೋಟೀನ್) ಎಷ್ಟಿದೆ ನೋಡಿ. 4ರಲ್ಲಿ ಆಲ್ಬುಮಿನ್ ಕಳೆದು, ಬಂದದ್ದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಬೇಕು. ಆಲ್ಬುಮಿನ್ 2.8 ಇದ್ದರೆ 9.4ಕ್ಕೆ 0.96 ಸೇರಿ 10.36 ಆಗುತ್ತದೆ. ಆಗ ಕ್ಯಾಲ್ಸಿಟ್ರಯಾಲ್ (ಕೆಲಸಕ್ಕೆ ಬರುವ ರೂಪದ ವಿಟಮಿನ್ ಡಿ) ಮತ್ತು ಕ್ಯಾಲ್ಸಿಯಂ ಮಾತ್ರೆ ಮುಂದುವರಿಸುವ ಮುಂಚೆ ವೈದ್ಯರು ಮತ್ತೊಮ್ಮೆ ನೋಡಲೇಬೇಕು. ಕ್ಯಾಲ್ಸಿಟ್ರಯಾಲ್ ಕರುಳಿನಿಂದ ಕ್ಯಾಲ್ಸಿಯಂ ಜೊತೆ ಫಾಸ್ಫರಸ್ಸನ್ನೂ ಎಳೆದುಕೊಳ್ಳುತ್ತದೆ. ಅಯಾನೀಕೃತ, ಅಂದರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ, ಕ್ಯಾಲ್ಸಿಯಂ ಪರೀಕ್ಷೆ ಸಿಕ್ಕರೆ ಈ ಗುಣಾಕಾರವೇ ಬೇಡ, ಅದು ಇನ್ನೂ ನಂಬಿಕಸ್ತ. ಫಾಸ್ಫರಸ್ಸನ್ನು ಡಯಾಲಿಸಿಸ್‌ಗೆ ಮುಂಚೆ, ಪ್ರತಿ ಸಲವೂ ವಾರದ ಅದೇ ದಿನ ತೆಗೆಯಬೇಕು. ಎರಡು ದಿನ ಬಿಡುವಾದ ಮೇಲೆ ಒಮ್ಮೆ, ಒಂದು ದಿನ ಬಿಡುವಾದ ಮೇಲೆ ಇನ್ನೊಮ್ಮೆ ತೆಗೆದು ಹೋಲಿಸಿದರೆ ಏರಿಳಿತ ಮೋಸದ್ದು.

ಪಿಟಿಎಚ್ ಬಗ್ಗೆಯೂ ತಿಳಿವಳಿಕೆ ಅರ್ಧ. ಹೆಚ್ಚಾದರೆ ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತು. ಡಯಾಲಿಸಿಸ್‌ನವರಲ್ಲಿ ಇರಬೇಕಾದದ್ದು ಸಾಮಾನ್ಯ ಗರಿಷ್ಠ ಮಿತಿಯ ಎರಡರಿಂದ ಒಂಬತ್ತು ಪಟ್ಟು. ಲ್ಯಾಬಿನ ಮಿತಿ 65 ಆದರೆ 130ರಿಂದ 585. ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಯಾಲ್ ಸುರಿದು ಅದನ್ನು 40ಕ್ಕೆ ಇಳಿಸಿದರೆ ಗೆದ್ದಂತಲ್ಲ. ಆಗ ಮೂಳೆ ಮಲಗಿಬಿಡುತ್ತದೆ, ಬಂದ ಕ್ಯಾಲ್ಸಿಯಂ ಒಳಗೆ ತೆಗೆದುಕೊಳ್ಳುವುದಿಲ್ಲ. ಬೇಡವಾದ ಕ್ಯಾಲ್ಸಿಯಂಗೆ ಆಮೇಲೆ ಜಾಗ ಕೊಡುವುದು ರಕ್ತನಾಳ.

ಮಾತ್ರೆಯಷ್ಟೇ ಅಲ್ಲ, ಡಯಾಲಿಸಿಸ್ ಯಂತ್ರದ ಪಕ್ಕದ ಕ್ಯಾನನ್ನೂ ನೋಡಬೇಕು. ಆಸಿಡ್ ಕಾನ್ಸಂಟ್ರೇಟ್ ಎನ್ನುವ ಪಾರ್ಟ್ ಎ ಕ್ಯಾನಿನ ಲೇಬಲ್‌ನಲ್ಲಿ ಕ್ಯಾಲ್ಸಿಯಂ ಎಷ್ಟೆಂದು ಅಚ್ಚಾಗಿರುತ್ತದೆ: ಲೀಟರಿಗೆ 1.25, 1.5 ಅಥವಾ 1.75 ಮಿಲಿಮೋಲ್. ಕೆಲವು ಲೇಬಲ್‌ಗಳಲ್ಲಿ ಇದೇ 2.5, 3.0, 3.5 ಮಿಲಿ ಈಕ್ವಿವಲೆಂಟ್ ಎಂದಿರುತ್ತದೆ. ನಿಮಿಷಕ್ಕೆ 500 ಮಿ.ಲೀ.ನಂತೆ ನಾಲ್ಕು ಗಂಟೆಗೆ 120 ಲೀಟರ್ ದ್ರವ ರಕ್ತದ ಆಚೆ ಬದಿ ಹರಿಯುತ್ತದೆ. 1.75ರ ಕ್ಯಾನ್ ಹಾಕಿದರೆ ಕ್ಯಾಲ್ಸಿಯಂ ಆ ದ್ರವದಿಂದ ರಕ್ತಕ್ಕೆ ಹೋಗುತ್ತದೆ. ಡಯಾಲಿಸಿಸ್ ನಡೆಯುವಾಗ ಬಿ.ಪಿ. ಬೀಳದಿರಲಿ ಎಂದು ಅದನ್ನು ಬಳಸುವುದುಂಟು, ಆದರೆ ಎಲ್ಲ ರೋಗಿಗಳಿಗೂ ಅದನ್ನೇ ಜೋಡಿಸುವುದು ಸರಿಯಲ್ಲ. ಮಾರ್ಗಸೂಚಿ ಹೇಳುವುದು 1.25ರಿಂದ 1.5. ಅರಸೀಕೆರೆ ಕಡೆಯ ಗಡಸು ನೀರಿನ ಬೋರ್‌ವೆಲ್ ನಂಬಿದ ಕಡೆ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್‌ಗೆ ಉಪ್ಪು ಹಾಕಿ ರೀಜನರೇಟ್ ಮಾಡುವುದು ತಪ್ಪಿದರೆ, ಆರ್.ಒ. ಪೊರೆ ಸವೆದಿದ್ದರೆ, ಇನ್ನೊಂದು ದಾರಿಯಿಂದಲೂ ಕ್ಯಾಲ್ಸಿಯಂ ಬರುತ್ತದೆ. ಡಯಾಲಿಸಿಸ್ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 2 ಮಿ.ಗ್ರಾಂ ಮೀರಬಾರದು. ಒಂದೇ ಪಾಳಿಯಲ್ಲಿ ನಾಲ್ಕಾರು ಜನಕ್ಕೆ ಒಟ್ಟಿಗೆ ವಾಂತಿ, ತಲೆನೋವು, ಬಿ.ಪಿ. ಏರಿಕೆ ಕಂಡರೆ ಅಂದಿನ ಊಟವನ್ನು ಬೈಯುವ ಮುಂಚೆ ನೀರಿನ ಗಡಸುತನ ಪರೀಕ್ಷಿಸಬೇಕು.

ಅಡುಗೆ ಮನೆಗೆ ಬರೋಣ. ಹಾಸನ ಸೀಮೆಯವರಿಗೆ ಮುದ್ದೆ ಬಿಡಿ ಎಂದರೆ ಊಟವನ್ನೇ ಬಿಡಿ ಎಂದಂತೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ, 210 ಮಿ.ಗ್ರಾಂ ಫಾಸ್ಫರಸ್ ಇದೆ. ಆದರೆ ಕಾಳಿನ ಫಾಸ್ಫರಸ್‌ನಲ್ಲಿ ಬಹುಪಾಲು ಫೈಟೇಟ್ ರೂಪದ್ದು, ಅದನ್ನು ಒಡೆಯುವ ಕಿಣ್ವ ನಮ್ಮ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಪೂರ್ತಿ ಮೈಗೆ ಹತ್ತುವುದಿಲ್ಲ. ಪೊಟ್ಯಾಸಿಯಂ (ಏರಿದರೆ ಹೃದಯಕ್ಕೆ ಅಪಾಯ) ಹತೋಟಿಯಲ್ಲಿರುವವರು ಒಂದು ಹೊತ್ತಿಗೆ ಒಂದು ಸಣ್ಣ ಮುದ್ದೆ ಉಣ್ಣಬಹುದು ಎನ್ನುವುದು ನಮ್ಮ ಅಭಿಪ್ರಾಯ, ಕ್ಯಾಲ್ಸಿಯಂ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಂಡು. ಮಾಲ್ಟ್ ಮಾತು ಬೇರೆ. ರಾಗಿ ಮೊಳಕೆ ಬರುವಾಗ ಕಾಳಿನೊಳಗಿನ ಕಿಣ್ವವೇ ಫೈಟೇಟನ್ನು ಒಡೆದುಬಿಡುತ್ತದೆ. ಮಗುವಿಗೆ ಅದು ಒಳ್ಳೆಯದು, ಡಯಾಲಿಸಿಸ್‌ನವರಿಗೆ ಅದೇ ಕೆಟ್ಟದ್ದು. ಮೇಲೆ ಹಾಲು ಬೆರೆಸಿದರೆ 200 ಮಿ.ಲೀ.ಗೆ ಇನ್ನೂ 190 ಮಿ.ಗ್ರಾಂ ಫಾಸ್ಫರಸ್.

ಬಸ್ಸಾರಿನಲ್ಲಿ ಒಂದು ಅನುಕೂಲವಿದೆ, ನಾವು ಅದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಕಾಳು, ಸೊಪ್ಪು ಬೇಯಿಸಿ ಬಸಿದಾಗ ಪೊಟ್ಯಾಸಿಯಂ ಮತ್ತು ಒಂದಷ್ಟು ಫಾಸ್ಫರಸ್ ಕಟ್ಟಿಗೆ, ಅಂದರೆ ಬಸಿದ ನೀರಿಗೆ, ಇಳಿಯುತ್ತವೆ. ರೋಗಿಗೆ ಕೊಡಬೇಕಾದದ್ದು ಒಗ್ಗರಣೆ ಹಾಕಿದ ಪಲ್ಯ. ಕಟ್ಟಿನಲ್ಲಿ ಮಾಡಿದ ಸಾರು ಮನೆಯ ಉಳಿದವರಿಗೆ. ಆಲೂಗೆಡ್ಡೆಗೂ ಇದೇ ಉಪಾಯ: ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ ನೀರು ಚೆಲ್ಲಬೇಕು. ಕಾಲು ಸೂಪು ಬೇಡವೇ ಬೇಡ. ಮಾಂಸವನ್ನು ಪೂರ್ತಿ ಬಿಡುವುದೂ ತಪ್ಪು, ಡಯಾಲಿಸಿಸ್‌ನಲ್ಲಿ ಪ್ರೋಟೀನ್ ನಷ್ಟವಾಗುತ್ತದೆ, ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. ಮೊಟ್ಟೆಯ ಬಿಳಿ ಎಲ್ಲಕ್ಕಿಂತ ಮೇಲು: ಒಂದರಲ್ಲಿ ಮೂರೂವರೆ ಗ್ರಾಂ ಪ್ರೋಟೀನ್, ಫಾಸ್ಫರಸ್ ಐದು ಮಿ.ಗ್ರಾಂ ಆಸುಪಾಸು. ನಿಜವಾದ ಕಳ್ಳ ಕೂತಿರುವುದು ಪೊಟ್ಟಣದಲ್ಲಿ. ಕಪ್ಪು ಕೋಲಾ, ಚೀಸ್ ಸ್ಲೈಸ್, ಬೇಕರಿ ಕೇಕು, ಸಾಸೇಜ್ ಇವುಗಳಿಗೆ ಹಾಕುವ ಫಾಸ್ಫೇಟ್ ಫೈಟೇಟಿನಂತಲ್ಲ, ನೂರಕ್ಕೆ ತೊಂಬತ್ತು ಪಾಲು ನೇರ ರಕ್ತಕ್ಕೆ. ಲೇಬಲ್‌ನಲ್ಲಿ ಫಾಸ್ಫೇಟ್ ಎಂದು ಬರೆದಿರದಿದ್ದರೂ ಐಎನ್‌ಎಸ್ (ಆಹಾರಕ್ಕೆ ಬೆರೆಸುವ ವಸ್ತುಗಳ ಸಂಖ್ಯೆ) 338ರಿಂದ 341, 450ರಿಂದ 452 ಇದ್ದರೆ ಅದೇ.

ಊಟವಾದ ಮೇಲೆ ಎಲೆಅಡಿಕೆ. ಬೆರಳ ತುದಿಯ ಸುಣ್ಣ ಒಂದು ಸಲಕ್ಕೆ ಏನೂ ಅಲ್ಲ, ದಿನಕ್ಕೆ ಹತ್ತು ಸಲ ಹಾಕುವವರಲ್ಲಿ ಅದೂ ಕ್ಯಾಲ್ಸಿಯಮ್ಮೇ. ಕಲ್ಲು ಕರಗುತ್ತದೆಂದು ಬಾಳೆದಿಂಡಿನ ರಸ ಕುಡಿಸುವವರೂ ಇದ್ದಾರೆ. ರಕ್ತನಾಳದ ಕ್ಯಾಲ್ಸಿಯಂ ಅದರಿಂದ ಕರಗುವುದಿಲ್ಲ, ಅದರ ಪೊಟ್ಯಾಸಿಯಂ ಮಾತ್ರ ಹೃದಯವನ್ನು ನಿಲ್ಲಿಸಬಲ್ಲದು. ಕೂತ ಕ್ಯಾಲ್ಸಿಯಂ ತೆಗೆದುಹಾಕುವ ಔಷಧ ಇವತ್ತಿಗೂ ಇಲ್ಲ. ಇನ್ನಷ್ಟು ಕೂರದಂತೆ ನಿಧಾನಿಸುವುದೊಂದೇ ಕೈಯಲ್ಲಿರುವುದು.

ಇದನ್ನು ಕಂಡುಹಿಡಿಯಲು ಬೆಂಗಳೂರಿಗೆ ಓಡಬೇಕಿಲ್ಲ. ಹೊಟ್ಟೆಯನ್ನು ಪಕ್ಕದಿಂದ ತೆಗೆದ ಒಂದು ಸಾದಾ ಎಕ್ಸ್-ರೇ ಸಾಕು. ಬೆನ್ನುಮೂಳೆಯ ಮುಂದೆ ಮಹಾಪಧಮನಿಯ ಗೋಡೆ ಬಿಳಿ ಗೆರೆಯಾಗಿ ಕಾಣುತ್ತದೆ. ಸೊಂಟದ ನಾಲ್ಕು ಕಶೇರುಗಳ ಎದುರು, ಮುಂದಿನ ಗೋಡೆ ಹಿಂದಿನ ಗೋಡೆ ಬೇರೆ ಬೇರೆ ಎಣಿಸಿ 0ರಿಂದ 24ರವರೆಗೆ ಅಂಕ ಕೊಡುತ್ತಾರೆ. ಕವಾಟಕ್ಕೆ ಎಕೋ ಪರೀಕ್ಷೆ. ಕೈಯ ಎಕ್ಸ್-ರೇಯಲ್ಲಿ ಮಣಿಕಟ್ಟಿನ ನಾಳ ರೈಲು ಹಳಿಯ ಹಾಗೆ ಎರಡು ಬಿಳಿ ಗೆರೆಯಾಗಿ ಕಂಡರೆ ಅಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಶಸ್ತ್ರಚಿಕಿತ್ಸೆಯಿಂದ ಮಾಡುವ ನಾಳಗಳ ಜೋಡಣೆ) ಹಾಕಿದರೂ ಬೆಳೆಯುವುದು ಕಷ್ಟ; ಶಸ್ತ್ರಚಿಕಿತ್ಸೆಗೆ ಮುಂಚೆಯೇ ಗೊತ್ತಿದ್ದರೆ ಮೊಣಕೈ ಹತ್ತಿರ ಜಾಗ ನೋಡಬಹುದು. ಬಿ.ಪಿ. 180/70ರಂತೆ ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ದೊಡ್ಡದಾಗುತ್ತಾ ಹೋಗುವುದು, ನೀರು ಹೆಚ್ಚು ತೆಗೆಯದಿದ್ದರೂ ಡಯಾಲಿಸಿಸ್ ನಡುವೆ ಬಿ.ಪಿ. ಬೀಳುವುದು, ನಡೆದರೆ ಎದೆ ಬಿಗಿಯುವುದು ಕಂಡರೆ ಎಕೋ ಮುಂದೂಡಬಾರದು. ತೊಡೆ, ಹೊಟ್ಟೆಯ ಚರ್ಮದಲ್ಲಿ ಮುಟ್ಟಲಾಗದ ನೋವಿನ ನೇರಳೆ ಕಲೆ ಬಂದು ಕಪ್ಪಾಗತೊಡಗಿದರೆ ಮುಲಾಮು ಹಚ್ಚಿ ಕಾಯುವಂತಿಲ್ಲ. ಅದು ಚರ್ಮದ ಕಿರುನಾಳಗಳೇ ಮುಚ್ಚಿಹೋಗುವ ಕ್ಯಾಲ್ಸಿಫಿಲಾಕ್ಸಿಸ್ ಇರಬಹುದು. ಅದೇ ದಿನ ವೈದ್ಯರಿಗೆ ತೋರಿಸಬೇಕು.

ಡಯಾಲಿಸಿಸ್ ಕೇಂದ್ರಗಳನ್ನು ನಡೆಸುವವರು ಪ್ರತಿ ರೋಗಿಯ ಕಾರ್ಡಿನಲ್ಲಿ ಒಂದೇ ಸಾಲು ಹೆಚ್ಚಿಸಿದರೆ ಸಾಕು: ಕ್ಯಾನಿನ ಕ್ಯಾಲ್ಸಿಯಂ ಎಷ್ಟು, ಈ ತಿಂಗಳ ಫಾಸ್ಫರಸ್, ಕ್ಯಾಲ್ಸಿಯಂ, ಆಲ್ಬುಮಿನ್ ಎಷ್ಟು, ಕೊನೆಯ ಪಿಟಿಎಚ್ ಯಾವಾಗ, ದಿನಕ್ಕೆ ಮಾತ್ರೆಯಿಂದ ಬರುವ ಕ್ಯಾಲ್ಸಿಯಂ ಒಟ್ಟು ಎಷ್ಟು. ಪಿಟಿಎಚ್ ಮೂರರಿಂದ ಆರು ತಿಂಗಳಿಗೊಮ್ಮೆ ಆಗಲೇಬೇಕು.

ರಾಜ್ಯದ ಅಂಗಾಂಗ ದಾನದ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಕಿಡ್ನಿ ಕಸಿಗೆ ವರ್ಷಗಟ್ಟಲೆ ಕಾಯುತ್ತಿರುವವರಿಗೆ ಇದು ಇನ್ನೂ ಹತ್ತಿರದ ವಿಷಯ. ಹೊಸ ಕಿಡ್ನಿಯ ನಾಳವನ್ನು ಹೊಲಿಯುವುದು ಕಿಬ್ಬೊಟ್ಟೆಯ ಇಲಿಯಾಕ್ ನಾಳಕ್ಕೆ. ಅದು ಸುತ್ತಲೂ ಗಟ್ಟಿಯಾಗಿದ್ದರೆ ಅಲ್ಲಿ ಕ್ಲಾಂಪ್ ಹಾಕಲೂ ಆಗದು, ಸೂಜಿ ಇಳಿಸಲೂ ಆಗದು. ಬಣ್ಣದ ಚುಚ್ಚುಮದ್ದು ಕೊಡದೆ ತೆಗೆದ ಸಿ.ಟಿ.ಯಲ್ಲೇ ಇದು ಸ್ಪಷ್ಟವಾಗಿ ಕಾಣುತ್ತದೆ. ಆ ಸಿ.ಟಿ. ಹೆಸರು ಬರೆಸುವಾಗಲೇ ಆಗಿರಲಿ, ಕಾಯುವುದು ಉದ್ದವಾದರೆ ಮತ್ತೊಮ್ಮೆ ಆಗಲಿ. ನಡುರಾತ್ರಿ ಕರೆ ಬಂದು ಹಾಸನದಿಂದ ಬೆಂಗಳೂರಿಗೆ ಹೋದ ಮೇಲೆ, ಆಪರೇಷನ್ ಟೇಬಲ್ ಮೇಲೆ ಅದು ಗೊತ್ತಾಗುವುದು ಬೇಡ.

— ಡಯಾಲಿಸಿಸ್ ತಂತ್ರಜ್ಞರು ಮತ್ತು ಆಹಾರ ತಜ್ಞರು, ಹಾಸನ